ಸುಳಿವು ಬೇರೆ, ಸಾಕ್ಷ್ಯ ಬೇರೆ

ಇಂಟರ್‌ಪೋಲ್ ಎಂದರೆ ದೇಶ ದೇಶ ಅಲೆದು ಅಪರಾಧಿಗಳನ್ನು ಹಿಡಿಯುವ ಪೊಲೀಸ್ ಪಡೆ ಎಂದೇ ನಾನೂ ಬಹುಕಾಲ ನಂಬಿದ್ದೆ. ಎಲ್ಲವೂ ಸಿನಿಮಾಗಳ ಕೃಪೆ. 1923ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಈಗ 196 ಸದಸ್ಯ ದೇಶಗಳನ್ನು ಹೊಂದಿರುವ ಆ ಸಂಸ್ಥೆಗೆ ಯಾರನ್ನೂ ಬಂಧಿಸುವ ಅಧಿಕಾರವೇ ಇಲ್ಲ. ಅದು ಹೊರಡಿಸುವ ರೆಡ್ ನೋಟಿಸ್ ಕೂಡ ವಾರಂಟ್ ಅಲ್ಲ, ಆರೋಪಿಯನ್ನು ಪತ್ತೆಹಚ್ಚಿ ತಾತ್ಕಾಲಿಕವಾಗಿ ವಶಕ್ಕೆ ಪಡೆಯಿರಿ ಎಂಬ ಕೋರಿಕೆ ಮಾತ್ರ; ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಆಯಾ ದೇಶದ ಕಾನೂನೇ ತೀರ್ಮಾನಿಸುತ್ತದೆ.

ತನಿಖಾ ಸಂಸ್ಥೆಗಳ ನಡುವೆ ಸಹಕಾರವಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ನನಗೆ ತೋರುವಂತೆ ತೊಡಕಿರುವುದು ಅಧಿಕಾರಿಗಳ ಮನಸ್ಸಿಗಿಂತ ಹೆಚ್ಚಾಗಿ ಕಡತದಲ್ಲಿ. ವಂಚನೆಯ ಹಣ ಹೊರದೇಶದ ಖಾತೆಯೊಂದಕ್ಕೆ ಹೋಗಿದೆ ಎಂದುಕೊಳ್ಳಿ. ಖಾತೆ ಯಾರದೆಂಬ ಸುಳಿವನ್ನು ಅಲ್ಲಿನ ಪೊಲೀಸರು ಬೇಗನೆ ಕೊಟ್ಟರೂ ಅದು ಸುಳಿವು ಮಾತ್ರ. ನ್ಯಾಯಾಲಯದ ಮುಂದೆ ಇಡಬಹುದಾದ ಬ್ಯಾಂಕ್ ದಾಖಲೆ ಬೇಕಾದರೆ ಪರಸ್ಪರ ಕಾನೂನು ನೆರವಿನ ಒಪ್ಪಂದದಡಿ ಕೋರಿಕೆ ಸಿದ್ಧಪಡಿಸಿ, ಅನುವಾದಿಸಿ, ಎರಡೂ ಸರ್ಕಾರಗಳ ಕೇಂದ್ರ ಪ್ರಾಧಿಕಾರಗಳ ಮೂಲಕ ಕಳುಹಿಸಬೇಕು. ಕೃತ್ಯದ ವಿವರಣೆ ಅಸ್ಪಷ್ಟವಾಗಿದ್ದರೆ ಪತ್ರ ಹಿಂದಕ್ಕೆ ಬರುತ್ತದೆ, ಅಷ್ಟರಲ್ಲಿ ಹಣ ಇನ್ನೆರಡು ಗಡಿ ದಾಟಿರುತ್ತದೆ.

ಈ ಓಡಾಟವನ್ನು ತಪ್ಪಿಸಲೆಂದೇ ಯುರೋಪಿನಲ್ಲಿ ಜಂಟಿ ತನಿಖಾ ತಂಡಗಳ ವ್ಯವಸ್ಥೆ ಇದೆ: ಒಂದೇ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳ ತನಿಖಾಧಿಕಾರಿಗಳು ಪ್ರತಿ ಸಲವೂ ಕೋರಿಕೆ ಪತ್ರ ಬರೆಯದೆ ಸಾಕ್ಷ್ಯ ಹಂಚಿಕೊಳ್ಳಬಹುದು. ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ 2020ರಲ್ಲಿ ಇಂಥ ತಂಡ ಕಟ್ಟಿ, ಅಪರಾಧ ಜಾಲಗಳು ನೆಚ್ಚಿಕೊಂಡಿದ್ದ ಎನ್‌ಕ್ರೋಚಾಟ್ ಎಂಬ ಗೂಢಲಿಪಿ ಫೋನ್ ಜಾಲದೊಳಕ್ಕೆ ನುಸುಳಿದವು. ಆ ಜೂನ್ ತಿಂಗಳಲ್ಲಿ ಅನುಮಾನಗೊಂಡ ಕಂಪನಿ, ಫೋನನ್ನು ಕೂಡಲೇ ಎಸೆದುಬಿಡಿ ಎಂದು ಗ್ರಾಹಕರಿಗೆ ಸಂದೇಶ ಕಳುಹಿಸುವ ಹೊತ್ತಿಗೆ ವಾರಗಟ್ಟಲೆ ಸಂಭಾಷಣೆ ತನಿಖಾಧಿಕಾರಿಗಳ ಕೈಸೇರಿತ್ತು. ಯುರೋಪಿಯನ್ ಒಕ್ಕೂಟದ ಪೊಲೀಸ್ ಸಹಕಾರ ಸಂಸ್ಥೆಯಾದ ಯುರೋಪೋಲ್ 2023ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಾದ್ಯಂತ 6,558 ಮಂದಿ ಬಂಧಿತರಾಗಿದ್ದರು.

ಆದರೆ ಬಂಧನದೊಂದಿಗೆ ವಿಷಯ ಮುಗಿಯಲಿಲ್ಲ. ಫೋನ್‌ಗಳೊಳಗೆ ನುಸುಳಿದ ವಿಧಾನವನ್ನು ಫ್ರಾನ್ಸ್ ರಕ್ಷಣಾ ರಹಸ್ಯವೆಂದು ಮುಚ್ಚಿಟ್ಟಿದ್ದರಿಂದ, ಕಾಣದ ವಿಧಾನವನ್ನು ಪ್ರಶ್ನಿಸುವುದು ಹೇಗೆ ಎಂದು ಹಲವು ದೇಶಗಳಲ್ಲಿ ಆರೋಪಿಗಳ ವಕೀಲರು ಕೇಳಿದರು. ಆ ಪ್ರಶ್ನೆಯನ್ನು ಅಡ್ಡಿಯೆಂದು ತಳ್ಳಿಹಾಕಲು ನನಗಂತೂ ಮನಸ್ಸಿಲ್ಲ. ಜರ್ಮನಿಯ ಪ್ರಕರಣವೊಂದರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ, ಒಂದು ದೇಶದ ಬಳಿ ಈಗಾಗಲೇ ಇರುವ ಸಾಕ್ಷ್ಯವನ್ನು ಇನ್ನೊಂದು ದೇಶದ ಪ್ರಾಸಿಕ್ಯೂಟರ್ ಕೇಳಿ ಪಡೆಯಬಹುದು ಎಂದಿತು. ಜೊತೆಗೆ, ತೀರ್ಪಿನ ಮೇಲೆ ಗಣನೀಯ ಪ್ರಭಾವ ಬೀರಬಹುದಾದ ಸಾಕ್ಷ್ಯದ ಬಗ್ಗೆ ಆರೋಪಿಗೆ ಪರಿಣಾಮಕಾರಿಯಾಗಿ ವಾದಿಸಲು ಸಾಧ್ಯವಾಗದಿದ್ದರೆ ಅದನ್ನು ವಿಚಾರಣೆಯಿಂದ ಕೈಬಿಡಬೇಕು ಎಂದೂ ಹೇಳಿತು.