ಒಣದ್ರಾಕ್ಷಿ ಸೀಮೆಯ ನೀರಿನ ಮೀಟಿಂಗು

ಹೋದ ವಾರ ಪಕ್ಕದ ಮನೆಯ ಅಜ್ಜ ಅಂತರ್ಜಲದ ಮೀಟಿಂಗ್ ಮುಗಿಸಿ ಬಂದವರು ಬೇಲಿ ಆಚೆಯಿಂದಲೇ ಕೂಗಿದರು: "ಅವರ ನಕ್ಷೆಯಲ್ಲಿ ನಮ್ಮ ಬೋರೇ ಇಲ್ಲ!" ನಗುತ್ತಲೇ ಹೇಳಿದರು, ಆದರೆ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು.

ನಾವಿರೋದು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಹತ್ತಿರ, ಸಿಟಿಯ ಪೈಪು ಬಾರದ ಜಾಗದಲ್ಲಿ. ಇರೋ ಅಷ್ಟೂ ಮನೆಗಳಿಗೆ ಒಂದೇ ಬೋರು. ಬಿಲ್ಲು ಬರೆಯೋದು, ಪಂಪು ಕೆಟ್ಟರೆ ಓಡೋದು, ನೀರಿನ ಸ್ಯಾಂಪಲ್ ಲ್ಯಾಬಿಗೆ ಕೊಡೋದು, ಎಲ್ಲಾ ಈ ರಿಟೈರಾದ ಅಜ್ಜನೇ, ಅದೂ ಸಂಬಳವಿಲ್ಲದೆ. ಅಮೆರಿಕದಲ್ಲೂ ಹೀಗಾ ಅಂತ ಊರಿನವರು ನಂಬೋದಿಲ್ಲ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಒಣದ್ರಾಕ್ಷಿಗೆ ಹೆಸರಾದ ಸೀಮೆ ಇದು, ಹಾಗಾಗಿ ದ್ರಾಕ್ಷಿ ಬೆಳೆಯುವ ವಿಜಯಪುರದ ತಿಕೋಟಾ ಕಡೆಯ ನನಗೆ ಅಷ್ಟೇನೂ ಪರಕೀಯ ಅನಿಸಿಲ್ಲ. ಬರ ಬಂದರೆ ನಮ್ಮವರು ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳುತ್ತಾರೆ, ಇಲ್ಲಿಯವರು ಇನ್ನೂ ಆಳಕ್ಕೆ ಬೋರು ಕೊರೆಸುತ್ತಾರೆ.

ಸಮಸ್ಯೆ ಇರೋದೇ ಆ ಆಳದಲ್ಲಿ. 2014ರಲ್ಲಿ ಇಲ್ಲಿ ಅಂತರ್ಜಲ ಕಾನೂನು ಬಂತು. ಒಂದೊಂದು ಭಾಗಕ್ಕೂ ಸ್ಥಳೀಯ ಸಂಸ್ಥೆ ಆಯಿತು, ಯೋಜನೆ ಬರೆದರು. ಅಜ್ಜ ಹೋಗಿದ್ದು ಅಂಥ ಸಂಸ್ಥೆಯ ಮೀಟಿಂಗಿಗೇ. ನೀರು ಇಷ್ಟು ಕೆಳಗೆ ಇಳಿಯುವವರೆಗೆ ತೊಂದರೆ ಇಲ್ಲ ಅಂತ ಆ ಯೋಜನೆಯಲ್ಲಿ ಒಂದು ಮಟ್ಟ ಗೊತ್ತು ಮಾಡುತ್ತಾರೆ. ದೊಡ್ಡ ತೋಟದವರ ಬೋರು ಬಹಳ ಆಳ, ಮನೆ ಬಳಕೆಯದು ಅಷ್ಟಿಲ್ಲ. ಆ ಮಟ್ಟ ನಮ್ಮ ಬೋರಿನ ತಳಕ್ಕಿಂತ ಕೆಳಗಿದ್ದರೆ ಮುಗೀತು, ಯೋಜನೆ ಸರಿಯಾಗಿ ನಡೀತಾ ಇರುವಾಗಲೇ ನಮ್ಮ ನಲ್ಲಿ ಒಣಗುತ್ತದೆ. 2014ರ ಬರದಲ್ಲಿ ಈಸ್ಟ್ ಪೋರ್ಟರ್‌ವಿಲ್ ಎಂಬಲ್ಲಿ ನೂರಾರು ಮನೆಗಳ ಬಾವಿ ಬತ್ತಿ, ಅಂಗಳದಲ್ಲಿ ಟ್ಯಾಂಕು ಇಟ್ಟು ಲಾರಿಯಿಂದ ನೀರು ತುಂಬಿಸಿದ್ದರು.

ಮನೆ ಬಾವಿಯವರ, ಸಣ್ಣ ನೀರಿನ ವ್ಯವಸ್ಥೆಗಳ ಹಿತವನ್ನೂ ಪರಿಗಣಿಸಬೇಕು ಅಂತ ಕಾನೂನು ಹೇಳುತ್ತದೆ. ಪರಿಗಣಿಸಬೇಕು, ಅಷ್ಟೇ. ಸಂಸ್ಥೆಯ ಮಂಡಳಿಯಲ್ಲಿ ಕುರ್ಚಿ ಕೊಡಬೇಕು ಅಂತಿಲ್ಲ. ಸ್ವಲ್ಪ ದಕ್ಷಿಣಕ್ಕೆ, ಟುಲೇರಿ ಕೆರೆ ಬಯಲಿನ ಒಂದು ನೀರಿನ ಮಂಡಳಿಯಲ್ಲಿ ಜಮೀನಿನ ಬೆಲೆಗೆ ತಕ್ಕಂತೆ ಮತ. ಜಮೀನಿಲ್ಲದೆ ಬರೀ ವಾಸ ಇರುವವರಿಗೆ ಮತವೇ ಇಲ್ಲ. ಇದು ಸರಿ ಅಂತ ಅಮೆರಿಕದ ಸುಪ್ರೀಂ ಕೋರ್ಟೇ 1973ರಲ್ಲಿ ತೀರ್ಪು ಕೊಟ್ಟಿದೆ! 2021ರಲ್ಲಿ ಇನ್ನೊಂದು ಕಾನೂನು ಬಂದು, ಸಣ್ಣ ವ್ಯವಸ್ಥೆಗಳಿಗೂ ಬರದ ತಯಾರಿ ಇರಬೇಕು ಅಂದಿತು. ಸಂತೋಷ. ಆದರೆ ಅಜ್ಜನ ಬೋರು ಇನ್ನೂ ನಕ್ಷೆಗೆ ಬರಬೇಕು.

ಅವರನ್ನು ಸಮಾಧಾನ ಮಾಡೋಣ ಅಂತ ನಾನು ನಮ್ಮ ವಿಜಯಪುರದ ಬೇಗಂ ತಲಾಬದ ಕಥೆ ತೆಗೆದೆ. 1651ರ ಕೆರೆ, ನೆಲದೊಳಗೆ ಮಣ್ಣಿನ ಕೊಳವೆ, ಅಲ್ಲಲ್ಲಿ ನೀರು ಹಂಚುವ ಗೋಪುರ. ಸ್ವಲ್ಪ ಜಂಭದಿಂದಲೇ ಹೇಳಿದೆ ಅನ್ನಿ. ಅಜ್ಜ ಎಲ್ಲಾ ಕೇಳಿ, "ಯಾವ ಓಣಿಗೆ ಮೊದಲು ನೀರು ಅಂತ ಯಾರು ಹೇಳ್ತಿದ್ರು?" ಅಂದರು.

ನನಗೆ ನಮ್ಮ ತೋಟದ ವಸ್ತಿ ನೆನಪಾಯಿತು. ಕೃಷ್ಣಾ ನದಿಯ ಬಹುಗ್ರಾಮ ಯೋಜನೆಯ ಪೈಪು ಊರಿಗೆ ಬಂದ ದಿನ ಟ್ಯಾಂಕಿನ ಹತ್ತಿರ ಕಾಯಿ ಒಡೆದರು. ವಸ್ತಿಯವರೂ ಹೋಗಿ ಚಪ್ಪಾಳೆ ತಟ್ಟಿ, ತಿರುಗಿ ಬಂದು ಅದೇ ಬಾವಿಯಿಂದ ನೀರು ಸೇದಿದರು. ಅಂದಾಜು ಪಟ್ಟಿ ಮಾಡುವಾಗ ವಸ್ತಿಯನ್ನೂ ಕೇಳಿಲ್ಲ, ಪಕ್ಕದ ತಾಂಡಾವನ್ನೂ ಕೇಳಿಲ್ಲ. ಬೇಸಿಗೆಯಲ್ಲಿ ಅವ್ವ ಬಾವಿ ತಳದ ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡ ತುಂಬಿಸಿಕೊಳ್ಳುತ್ತಿದ್ದಳು.

ಹಾಗೆ ನೋಡಿದರೆ ಕಾಗದದ ಮೇಲೆ ನಾವೇ ಮುಂದೆ. 2019ರ ಜಲಜೀವನ್ ಮಿಷನ್ ಪ್ರಕಾರ ದಿನಕ್ಕೆ ತಲಾ 55 ಲೀಟರ್ ನೀರು, ಊರಿಗೊಂದು ನೀರು ಸಮಿತಿ, ಅದರಲ್ಲಿ ಅರ್ಧ ಹೆಂಗಸರು. ಇಲ್ಲಿಯ ಅಜ್ಜನಿಗೆ ಇಷ್ಟು ಸಿಕ್ಕಿದ್ದರೆ ಕುಣಿಯುತ್ತಿದ್ದರು.

ರಾತ್ರಿ ಅಣ್ಣನಿಗೆ ಫೋನ್ ಹಚ್ಚಿ ಗ್ರಾಮಸಭೆ ಯಾವಾಗ ಅಂತ ಕೇಳಿದೆ. "ಆಗ್ಯದ ಅಂತ ಬರದಾರ," ಅಂದ. ನೀರು ಸಮಿತಿಯಲ್ಲಿ ಯಾರಿದ್ದಾರೆ ನೋಡು ಅಂದೆ. ಮರುದಿನ ಅವನು ಪಂಚಾಯಿತಿಗೆ ಹೋಗಿ ನೋಡಿದರೆ ಅವನ ಹೆಂಡತಿ, ನಮ್ಮ ವೈನಿ ಹೆಸರೇ ಇದೆ! ವೈನಿಗೂ ಆಗಲೇ ಗೊತ್ತಾದದ್ದು. ಮುಂದಿನ ಸಭೆಗೆ ವಸ್ತಿ, ತಾಂಡಾದ ಬಾವಿ ಬೋರುಗಳ ಪಟ್ಟಿ ಹಿಡಿದು ಹೋಗುತ್ತಾರಂತೆ. ಪಟ್ಟಿ ಬರೆದುಕೊಡು ಅಂದರೆ ಅಣ್ಣ ಇನ್ನೂ ನಗುತ್ತಾ ಕೂತಿದ್ದಾನೆ.