ಷಷ್ಠಿ ಜಾತ್ರೆಯ ವಾಚು ಮಿಠಾಯಿ

ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ಷಷ್ಠಿ ತೇರಿನ ದಿನ ಕಡ್ಲೆಪುರಿ, ಬೆಂಡು ಬತ್ತಾಸು, ಖಾರ, ಬಳೆ, ಪೀಪಿ ಎಲ್ಲವೂ ಸಾಲುಗಟ್ಟಿ ಕೂತಿರುತ್ತವೆ. ಆದರೂ ಮಕ್ಕಳ ಕಣ್ಣು ಹುಡುಕುವುದು ಆಳೆತ್ತರದ ಒಂದು ಬಿದಿರು ಗಳುವನ್ನು. ತುದಿಯಲ್ಲಿ ತಾಳ ಹಿಡಿದ ಬೊಂಬೆ, ಕೆಳಗೆ ಬಿಳಿ-ಗುಲಾಬಿ ಪಟ್ಟೆಯ ಮಿಠಾಯಿ ಮುದ್ದೆ, ಅದಕ್ಕೆ ದೂಳು ಕೂರದ ಹಾಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಇಳಿಬಿಟ್ಟ ದಾರ ಎಳೆದರೆ ಬೊಂಬೆ ಝಣ್ ಅಂತ ತಾಳ ತಟ್ಟುತ್ತದೆ.

"ಅಣ್ಣಾ, ನಂಗೆ ವಾಚು!"

"ಕೈ ನೀಡು ಮಗಾ, ಅಲ್ಲಾಡಿಸ್ಬೇಡ."

ಮುದ್ದೆಯಿಂದ ಕಿರುಬೆರಳು ಗಾತ್ರದ ಎಳೆ ಒಂದು ಗೇಣು ಬರುತ್ತದೆ. ಅದನ್ನು ಬೆರಳ ನಡುವೆ ಒತ್ತುತ್ತಾ ಹೋದರೆ ಪಟ್ಟಿ. ಮಣಿಕಟ್ಟಿಗೆ ಸಡಿಲವಾಗಿ ಸುತ್ತಿ ತುದಿಗೆ ತುದಿ ಚಿವುಟುತ್ತಾನೆ. ಇನ್ನೊಂದು ತೆಳು ಎಳೆ ಚಕ್ಕುಲಿಯ ಹಾಗೆ ಸುತ್ತಿಕೊಂಡು ಡಯಲ್ ಆಗುತ್ತದೆ, ಪಕ್ಕಕ್ಕೆ ಒಂದು ಚಿಟಿಕೆ ಗುಲಾಬಿ ಒತ್ತಿದರೆ ಕೀಲಿ. ಬೆರಳಿಗೆ ಉಳಿದ ಚೂರನ್ನು ಕೆನ್ನೆಗೆ ಅಂಟಿಸುತ್ತಾನೆ, ಅದು ಕೊಸರು. ಅದೇ ಮುದ್ದೆಯಿಂದ ನವಿಲು, ಚೇಳು, ಸ್ಕೂಟರು ಎಲ್ಲ ಬರುತ್ತವೆ. ನಮ್ಮ ಪ್ರೀತಿ ಮಾತ್ರ ವಾಚಿಗೇ, ಯಾಕಂದರೆ ಮೈಮೇಲೆ ತೊಟ್ಟು ಜಾತ್ರೆ ಸುತ್ತಬಹುದಾದ ಮಿಠಾಯಿ ಅದೊಂದೇ. ಮಣಿಕಟ್ಟಿನ ಅಡಿಯಿಂದ ನೆಕ್ಕುತ್ತಾ ಬಂದರೆ ಡಯಲ್ ಕೊನೆಯವರೆಗೂ ಉಳಿಯುತ್ತದೆ.

ಹೈಸ್ಕೂಲಿಗೆ ಬಂದ ಮೇಲೆ ಆಸೆ ಬೊಂಬೆಯಿಂದ ಒಲೆಯ ಕಡೆಗೆ ಹೊರಳಿತು. ತೇರಿನ ದಿನ ನಸುಕಿನಲ್ಲೇ ಟಾರ್ಪಾಲಿನ ಹಿಂದೆ ಪಾಕ ಏಳುತ್ತದೆ. ನೋಡಬೇಕಾದದ್ದು ಅಲ್ಲಿಯೇ.

ಮನೆ ಅಳತೆಗೆ ಹೇಳುವುದಾದರೆ ಒಂದು ಕೆಜಿ ಸಕ್ಕರೆಗೆ 350 ಮಿ.ಲೀ. ನೀರು, ಒಂದು ಟೀ ಚಮಚ ನಿಂಬೆರಸ. ಸಕ್ಕರೆ ಕರಗುವವರೆಗೆ ಮಾತ್ರ ಕೈಯಾಡಿಸಬೇಕು, ಆಮೇಲೆ ಸೌಟು ಮುಟ್ಟಬಾರದು. ಬಾಣಲೆಯ ಅಂಚಿಗೆ ಸಿಡಿದ ಹರಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು. ಒಂದೇ ಹರಳು ಪಾಕಕ್ಕೆ ಬಿದ್ದರೂ ಇಡೀ ಬಾಣಲೆ ಮರಳಾಗಿಬಿಡಬಹುದು. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ಹರಳುಗಟ್ಟುವುದನ್ನು ತಡೆಯುತ್ತದೆ. ಹುಳಿ ಹೆಚ್ಚಾದರೆ ಮುದ್ದೆ ಗಾಳಿಯ ತೇವ ಹೀರಿ ಗಳುವಿನ ಮೇಲೆ ನಿಲ್ಲದೆ ಜಾರುತ್ತದೆ.

ಪಾಕ ಇಳಿಸುವ ಹದ ಪುಸ್ತಕದ ಲೆಕ್ಕದಲ್ಲಿ 125ರಿಂದ 130 ಡಿಗ್ರಿ ಸೆಲ್ಸಿಯಸ್. ಆದರೆ ಆ ಲೆಕ್ಕ ಸಮುದ್ರ ಮಟ್ಟದ್ದು. ಹಾಸನ, ಚಿಕ್ಕಮಗಳೂರು ಸಾವಿರ ಮೀಟರಿನ ಆಸುಪಾಸು ಇರುವುದರಿಂದ ಇಲ್ಲಿ ನೀರೇ ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಪುಸ್ತಕದ ಅಂಕಿಗಿಂತ ಮೂರು ಡಿಗ್ರಿ ಮೊದಲೇ ಇಳಿಸಬೇಕು, ಇಲ್ಲದಿದ್ದರೆ ಪಟ್ಟಿ ಬಾಗದೆ ಪಟ್ ಅಂತ ಮುರಿಯುತ್ತದೆ. ಇದಕ್ಕಿಂತ ತಣ್ಣೀರಿನ ಬಟ್ಟಲೇ ನಂಬಿಕಸ್ಥ. ಹನಿ ಬಿಟ್ಟಾಗ ಒತ್ತಿದರೂ ಸುಲಭಕ್ಕೆ ಚಪ್ಪಟೆಯಾಗದ ಉಂಡೆ ಕಟ್ಟಿದರೆ ಹದ ಬಂತು.

ಎಣ್ಣೆ ಸವರಿದ ತಟ್ಟೆಗೆ ಸುರಿದು, ಅಂಚನ್ನು ಒಳಕ್ಕೆ ಮಡಚುತ್ತಾ, ಕೈ ತಾಳುವಷ್ಟು ಆರಿದ ಮೇಲೆ ಕೊಕ್ಕೆಗೆ ಹಾಕಿ ಎಳೆಯಬೇಕು. ಎಳೆ, ಮಡಚು, ಮತ್ತೆ ಎಳೆ. ಜೇನು ಬಣ್ಣದ ಗಾಜಿನಂಥ ಪಾಕ ಒಳಗೆ ಗಾಳಿಯ ಸಣ್ಣ ಗುಳ್ಳೆ ಸೇರಿದಂತೆ ರೇಷ್ಮೆ ಹೊಳಪಿನ ಬಿಳುಪಿಗೆ ತಿರುಗುವುದನ್ನು ಎಷ್ಟು ನೋಡಿದರೂ ಸಾಲದು. ಆ ಬಿಳುಪಿಗೆ ಯಾವ ಬಣ್ಣವನ್ನೂ ಹಾಕಿಲ್ಲ ಅನ್ನುವುದು ನನಗೆ ಈಗಲೂ ಅಚ್ಚರಿ. ತೀರಾ ಆರಿದರೆ ಎಳೆಯಲು ಬಗ್ಗುವುದಿಲ್ಲ, ಒಲೆಯ ಹತ್ತಿರ ಹಿಡಿದು ಮೆತ್ತಗೆ ಮಾಡಿಕೊಳ್ಳಬೇಕು.

ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಒಮ್ಮೊಮ್ಮೆ ಮಳೆ ಇರುತ್ತದೆ, ಆಗ ವಾಚು ಬೇಗ ಕೈಗೆ ಅಂಟುತ್ತದೆ. ಮಾರ್ಗಶಿರದ ಷಷ್ಠಿಯ ಒಣಚಳಿಯೇ ಇದಕ್ಕೆ ಒಳ್ಳೆಯ ಕಾಲ.

ಗುಲಾಬಿ ಬಣ್ಣದಲ್ಲಿ ಮಾತ್ರ ರಾಜಿ ಬೇಡ. ಬಟ್ಟೆಗೆ ಹಾಕುವ ರೋಡಮೈನ್-ಬಿ ಆಹಾರಕ್ಕೆ ನಿಷಿದ್ಧ. ಅದು ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ್ದಕ್ಕೇ 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಮನೆಯಲ್ಲಿ ಮಾಡುವವರು ಬೀಟ್‌ರೂಟ್ ಪುಡಿ ಬಳಸಬಹುದು. ಕುದಿಯುವ ಪಾಕಕ್ಕೆ ಹಾಕಿದರೆ ಬಣ್ಣ ಕಂದುಗಟ್ಟುತ್ತದೆ, ರಸ ಹಾಕಿದರೆ ನೀರು ಸೇರಿ ಹದ ಕೆಡುತ್ತದೆ. ಎಳೆಯುವಾಗ ಮೂರರಲ್ಲಿ ಒಂದು ಪಾಲನ್ನು ಬೇರೆ ತೆಗೆದು, ಆ ಪಾಲಿಗೆ ಮಾತ್ರ ಪುಡಿ ಉದುರಿಸಿ ಮಡಚಿ ಎಳೆದರೆ ಪಟ್ಟೆ ಚೆನ್ನಾಗಿ ಕೂರುತ್ತದೆ.