ಹೊರಗೆ ಕರ್ಕೊಂಡು ಹೋದ್ರೂ ಬೇಜಾರು ಅಂತಾನೆ, ಏನು ಮಾಡಿಸ್ಲಿ?

ಮಕ್ಕಳ ಗುಂಪು ಕಟ್ಟಿಕೊಂಡು ಬಯಲು, ಮರ, ನೀರಿನ ಹಳ್ಳ ಅಂತ ಅಲೆಯುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಅದಕ್ಕೇ ಇರಬೇಕು, ಎದುರಾದ ಅಪ್ಪ ಅಮ್ಮಂದಿರೆಲ್ಲ ಕೇಳುವ ಪ್ರಶ್ನೆ ಒಂದೇ: “ಹೇಗೋ ಮೊಬೈಲ್ ಬಿಡಿಸಿ ಹೊರಗೆ ಕರ್ಕೊಂಡು ಹೋಗ್ತೀವಿ. ಐದು ನಿಮಿಷಕ್ಕೇ ಬೇಜಾರು, ಮನೆಗೆ ಹೋಗೋಣ ಅಂತ ಶುರು. ಅಲ್ಲಿ ಏನು ಮಾಡಿಸ್ಬೇಕು ಹೇಳಿ.”

ಏನೂ ಮಾಡಿಸಬೇಡಿ. ಇದೇ ನನ್ನ ಉತ್ತರ.

ಕೇಳಿದವರು ನಗುತ್ತಾರೆ. ಕೆಲವರಿಗೆ, ಇವರು ಜಾರಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಮಾಡಿಸಿ ಮಾಡಿಸಿ ಸೋತ ಮೇಲೆ ಸಿಕ್ಕ ಉತ್ತರ ಇದು. ಶುರುವಿನಲ್ಲಿ ನಾನೂ ಪಟ್ಟಿ ಹಂಚುತ್ತಿದ್ದೆ: ಮೂರು ಬಗೆಯ ಎಲೆ ತನ್ನಿ, ಒಂದು ಗರಿ, ಒಂದು ನುಣುಪು ಕಲ್ಲು, ಒಂದು ಬೀಜ. ಮೊದಲು ಮುಗಿಸಿದವರಿಗೆ ಬಹುಮಾನ. ಮಕ್ಕಳು ಓಡಿದ್ದೇ ಓಡಿದ್ದು. ಒಬ್ಬ ಹುಡುಗನ ತೋಳಿನ ಮೇಲೆ ಏರೋಪ್ಲೇನ್ ಚಿಟ್ಟೆ ಬಂದು ಕೂತಿತ್ತು. ನಾನು ತೋರಿಸಿದರೆ, “ಅದು ಲಿಸ್ಟಲ್ಲಿ ಇಲ್ವಲ್ಲ” ಅಂದು ಕೈ ಕೊಡವಿ ಓಡಿಬಿಟ್ಟ. ಪಟ್ಟಿ ಬರೆದವನು ನಾನೇ, ಹಾಗಾಗಿ ಅವನನ್ನು ಬೈಯುವಂತಿರಲಿಲ್ಲ.

ಬೇಜಾರು ಅಂದ ಮಗುವಿನ ಪಾಡು ಸ್ವಲ್ಪ ಯೋಚಿಸಿ. ಪರದೆಯ ಮೇಲೆ ಕ್ಷಣಕ್ಕೊಂದು ಹೊಸದು ತಾನಾಗಿ ಬಂದು ಬೀಳುತ್ತಿರುತ್ತದೆ. ಬಯಲಿನಲ್ಲಿ ಹಾಗೆ ಏನೂ ಎದುರಿಗೆ ಬಂದು ನಿಲ್ಲುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ಕಣ್ಣು, ಕೈ ಆ ಲಯಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ನಾನು ಕಂಡಂತೆ ಹದಿನೈದು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಕಾಲಿಗೆ ಕಾಲು ಸುತ್ತಿಕೊಂಡು ನಿಲ್ಲುವುದು, ಗೊಣಗುವುದು, ನೀರು ಕೇಳುವುದು, ಮೂರು ಸಲ ಟೈಮ್ ಎಷ್ಟು ಅನ್ನುವುದು. ಆಮೇಲೆ ಒಂದು ಕಡ್ಡಿ ಕೈಗೆ ಬರುತ್ತದೆ. ಯಾವಾಗಲೂ ಕಡ್ಡಿಯೇ ಮೊದಲು, ಯಾಕೋ ಗೊತ್ತಿಲ್ಲ. ಕಡ್ಡಿಯಿಂದ ಮಣ್ಣು ಕೆದಕುವಾಗ ಇರುವೆ ಸಾಲು ಕಾಣುತ್ತದೆ. ಸಾಲಿಗೆ ಅಡ್ಡವಾಗಿ ಬೆರಳು ಉಜ್ಜಿದರೆ ಇರುವೆಗಳು ಅಲ್ಲೇ ತಬ್ಬಿಬ್ಬಾಗುತ್ತವೆ. ಅವು ಹಿಡಿದು ಬರುತ್ತಿದ್ದ ವಾಸನೆಯ ಜಾಡು ಅಳಿಸಿಹೋಗಿರುತ್ತದೆ. ಸ್ವಲ್ಪ ಹೊತ್ತಿಗೆ ಒಂದೆರಡು ಧೈರ್ಯ ಮಾಡಿ ದಾಟುತ್ತವೆ, ಸಾಲು ಮತ್ತೆ ಕೂಡುತ್ತದೆ. ಇದನ್ನು ತಾನೇ ಕಂಡುಕೊಂಡ ಮಗುವನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ನಾವು ಎಡವುವುದು ಆ ಹದಿನೈದು ನಿಮಿಷದಲ್ಲೇ. ಮಗು ಗೊಣಗಿದ ಕೂಡಲೇ ಚೆಂಡು ಕೊಡುತ್ತೇವೆ, ಆಟ ಹೇಳಿಕೊಡುತ್ತೇವೆ, ಇಲ್ಲವೇ ನಮ್ಮದೇ ಮೊಬೈಲ್ ತೆಗೆಯುತ್ತೇವೆ. ನಿಜ ಹೇಳಬೇಕೆಂದರೆ ಸುಮ್ಮನೆ ಕೂರಲಾಗದವರು ನಾವು.

ಕಡ್ಡಿ, ಕಲ್ಲು, ಮಣ್ಣಿನ ವಿಷಯವನ್ನು ಬಲ್ಲವರು ಎಂದೋ ಗಮನಿಸಿದ್ದರು. ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೋರೆನ್ಸನ್, ತಾವು ಕಟ್ಟಿದ ಅಂದದ ಆಟದ ಮೈದಾನಗಳಿಗಿಂತ ಕಟ್ಟಡ ಕೆಲಸ ನಡೆಯುವ ಜಾಗದ ಹಲಗೆ, ಇಟ್ಟಿಗೆಗಳ ನಡುವೆ ಮಕ್ಕಳು ಹೆಚ್ಚು ಮೈಮರೆಯುವುದನ್ನು ಕಂಡರು. 1943ರಲ್ಲಿ, ಯುದ್ಧದ ನಡುವೆಯೇ, ಕೋಪನ್‌ಹೇಗನ್ನಿನ ಎಮ್ಡ್ರುಪ್‌ನಲ್ಲಿ ಹಳೇ ಸಾಮಾನಿನದೇ ಒಂದು ಆಟದ ಜಾಗ ಶುರುವಾಯಿತು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕಲಾವಿದ ಸೈಮನ್ ನಿಕೋಲ್ಸನ್ ಇದಕ್ಕೊಂದು ಸಿದ್ಧಾಂತವನ್ನೇ ಕೊಟ್ಟರು: ಎತ್ತಿ ಒಯ್ಯಬಹುದಾದ, ಬದಲಾಯಿಸಬಹುದಾದ ಬಿಡಿ ವಸ್ತುಗಳು ಹೆಚ್ಚಿದಷ್ಟೂ ಮಕ್ಕಳ ಕಲ್ಪನೆಗೆ ದಾರಿ ಹೆಚ್ಚು. ಜಾರುಬಂಡೆಯ ಮೇಲೆ ಜಾರಬಹುದು, ತೀರಾ ತುಂಟರಾದರೆ ಕೆಳಗಿನಿಂದ ಹತ್ತಬಹುದು. ಕಡ್ಡಿ ಹಾಗಲ್ಲ. ಗಳಿಗೆಗೊಮ್ಮೆ ಕತ್ತಿ, ಸೌಟು, ಕುದುರೆ, ಸೇತುವೆ.

“ನನಗೇ ಗಿಡದ ಹೆಸರು ಗೊತ್ತಿಲ್ಲ, ಮಗುವಿಗೇನು ಹೇಳಲಿ?” ಅಂತಲೂ ಕೇಳುತ್ತಾರೆ. ಹೇಳಬೇಡಿ, ಪರವಾಗಿಲ್ಲ. 2002ರಲ್ಲಿ ಬ್ರಿಟನ್ನಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಚಿತ್ರ ತೋರಿಸಿ ಮಾಡಿದ ಅಧ್ಯಯನವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಎಂಟು ವರ್ಷದ ಹೊತ್ತಿಗೆ ಮಕ್ಕಳು ತಮ್ಮ ನಾಡಿನ ಗಿಡ, ಪ್ರಾಣಿಗಳಿಗಿಂತ ಪೋಕೆಮಾನ್‌ಗಳನ್ನೇ ಹೆಚ್ಚು ಗುರುತಿಸುತ್ತಿದ್ದರು. ಇದನ್ನು ತಲೆ ಚಚ್ಚಿಕೊಳ್ಳುತ್ತಾ ಹೇಳುವವರೇ ಹೆಚ್ಚು. ನನಗೆ ಕಾಣುವುದೇ ಬೇರೆ: ಅಷ್ಟೊಂದು ಹೆಸರು ನೆನಪಿಡುವ ತಲೆ ಮಕ್ಕಳಿಗಿದೆ. ಒಡನಾಟ ಇರುವ ಕಡೆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ.

ಲಾಭ ಏನು ಅಂತ ಲೆಕ್ಕ ಕೇಳುವವರಿಗೆ ಕಣ್ಣಿನ ಮಾತು ಹೇಳುತ್ತೇನೆ. ಚೀನಾದ ಗುವಾಂಗ್‌ಜೌನಲ್ಲಿ ನಡೆದ ಅಧ್ಯಯನವೊಂದರಲ್ಲಿ ಅರ್ಧದಷ್ಟು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷದಲ್ಲಿ ಅವರಲ್ಲಿ ಸುಮಾರು 30% ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ಬಂತು, ಉಳಿದ ಶಾಲೆಗಳಲ್ಲಿ ಸುಮಾರು 40%. ಹಗಲಿನ ಬೆಳಕಿಗೆ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗಿ, ಕಣ್ಣುಗುಡ್ಡೆ ಅತಿಯಾಗಿ ಉದ್ದ ಬೆಳೆಯದಂತೆ ತಡೆಯುತ್ತದೆ ಎಂಬುದು ಈಗಿರುವ ಮುಖ್ಯ ವಿವರಣೆ. ಇದಕ್ಕೂ ಮೊದಲು, 2008ರ ಸಿಡ್ನಿ ಅಧ್ಯಯನದಲ್ಲಿ ಒಳಾಂಗಣ ಕ್ರೀಡೆಗೆ ಈ ಗುಣ ಕಂಡಿರಲಿಲ್ಲ. ಅಂದರೆ ಕಣ್ಣಿನ ಮಟ್ಟಿಗೆ ಮಗು ಹೊರಗೆ ಇದ್ದರಾಯಿತು, ಇರುವೆ ನೋಡುತ್ತಾ ಕೂತಿದ್ದರೂ ಸರಿ.

ಇನ್ನು ಬೀಳುವ ಭಯ. ನೀರಿನ ಆಳ, ರಸ್ತೆ, ಪಾಳುಬಾವಿ, ಹಾವಿರಬಹುದಾದ ಪೊದೆ, ಇವನ್ನು ದೊಡ್ಡವರು ಮೊದಲೇ ಹೋಗಿ ನೋಡಿರಬೇಕು. ಅದು ನಮ್ಮ ಕೆಲಸ. ಆದರೆ ಎತ್ತರ, ವೇಗ, ಕುಸ್ತಿ, ಕಣ್ಮರೆಯಾಗುವುದು ಇವೆಲ್ಲ ಮಕ್ಕಳು ತಾವಾಗಿ ಹುಡುಕುವ ಆಟಗಳೆಂದು ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಪಟ್ಟಿಯನ್ನೇ ಮಾಡಿದ್ದಾರೆ. ನನ್ನದು ಒಂದೇ ನಿಯಮ: ತಾನಾಗಿ ಹತ್ತಲಾಗದ ಕೊಂಬೆಗೆ ಮಗುವನ್ನು ಎತ್ತಿ ಕೂರಿಸುವುದಿಲ್ಲ. ತಾನಾಗಿ ಹತ್ತಿದ ಮಗುವಿಗೆ ಇಳಿಯುವ ಅಂದಾಜು ಸಾಮಾನ್ಯವಾಗಿ ಇರುತ್ತದೆ. ಕೆಳಗಿನಿಂದ “ಜೋಪಾನ, ಜೋಪಾನ” ಅಂತ ಕೂಗಿದರೆ ನಮ್ಮ ಹೆದರಿಕೆ ಬಿಟ್ಟು ಬೇರೇನೂ ಅದಕ್ಕೆ ತಲುಪುವುದಿಲ್ಲ. “ಆ ಕೊಂಬೆ ಒಣಗಿದೆಯಾ ನೋಡು” ಅಂದರೆ ಕಣ್ಣಿಗೆ ಕೆಲಸ ಸಿಗುತ್ತದೆ. ಮೊಣಕಾಲು ತರಚುತ್ತದೆ, ತರಚಲಿ.

ಇನ್ನೊಂದು ಮಾತು, ಪ್ರತಿ ವಾರ ಹೊಸ ಜಾಗ ಹುಡುಕುತ್ತಾ ಹೊರಡಬೇಡಿ. ದೂರದ ಕಾಡೂ ಬೇಕಿಲ್ಲ. ನಡೆದು ಹೋಗುವಷ್ಟು ಹತ್ತಿರದ ಒಂದು ಮರ, ಅದರ ಬುಡದ ಮಣ್ಣು ಸಾಕು. ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಹೋದ ವಾರ ಇದ್ದ ಗೂಡು ಈ ವಾರ ಖಾಲಿ ಅಂತ ಗೊತ್ತಾಗುವುದು ಅದೇ ಜಾಗಕ್ಕೆ ಹೋದವರಿಗೆ ಮಾತ್ರ.

ಮೊದಲ ದಿನ ಹದಿನೈದು ನಿಮಿಷ ಕಳೆದರೂ ಮನೆಗೆ ಹೋಗೋಣ ಅಂದರೆ, ಹೋಗಿಬಿಡಿ. ಉಪದೇಶ ಬೇಡ. ಮಾರನೇ ದಿನ ಮತ್ತೆ ಬನ್ನಿ, ಕೂರಲು ಒಂದು ಚಾಪೆ ತನ್ನಿ, ಓದಲು ಏನಾದರೂ ಇಟ್ಟುಕೊಳ್ಳಿ. ಮಗು ಕರೆದರೆ ಮಾತ್ರ ಏಳಿ. ಮನೆಗೆ ಬಂದ ಮೇಲೆ ಬಟ್ಟೆ ನೆನೆಹಾಕುವ ಮುಂಚೆ ಜೇಬು ನೋಡಿ. ಕಲ್ಲು ಸಿಕ್ಕರೆ ಎಸೆಯಬೇಡಿ, ನಾಳೆ ಮಗು ಅದನ್ನು ಹುಡುಕುತ್ತದೆ. ಹುಳ ಸಿಕ್ಕರೆ ಮಾತ್ರ ಹೊರಗೆ ಬಿಟ್ಟು ಬನ್ನಿ.